ಠಾಣೆಯಲ್ಲಿ ಮುಂದಾಳುಗಳನ್ನು ಬೆಳೆಸುವುದು, ಕೆಲಸ ಅಳೆಯುವುದು: ಒಂದು ಉಪವಿಭಾಗಕ್ಕೆ ಆರು ತಿಂಗಳ ಮಾರ್ಗದರ್ಶಿ

ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಸಾಹೇಬರು ಮೊದಲು ಕೇಳುವ ಪ್ರಶ್ನೆ ಯಾವುದೋ, ಮರುದಿನ ಬೆಳಿಗ್ಗೆ ಪ್ರತಿ ಠಾಣೆಯ ರೋಲ್‌ಕಾಲ್‌ನಲ್ಲೂ ಅದೇ ಪ್ರಶ್ನೆ. "ಹೆಲ್ಮೆಟ್ ಕೇಸ್ ಎಷ್ಟಾಯ್ತು?" ಎಂದರೆ ತಿಂಗಳ ಕೊನೆಯ ನಾಲ್ಕು ದಿನ ಊರಾಚೆಯ ತಿರುವಿನಲ್ಲಿ ಬ್ಯಾರಿಕೇಡ್ ಬಂದು ಕೂರುತ್ತದೆ. "ಕಳವು ಯಾಕೆ ಜಾಸ್ತಿ?" ಎಂದರೆ ಮುಂದಿನ ತಿಂಗಳು ಕಳವು ಕಡಿಮೆಯಾಗುತ್ತದೆ, ಕಳೆದುಹೋದ ವಸ್ತುಗಳ ಅರ್ಜಿ ಹೆಚ್ಚಾಗುತ್ತದೆ. ಯಾರೂ ಸುಳ್ಳು ಬರೆಯಬೇಕೆಂದು ಕೂತಿರುವುದಿಲ್ಲ. ಕೇಳಿದ್ದನ್ನು ಕೊಡುವುದು ಶಿಸ್ತಿನ ಇಲಾಖೆಯ ಅಭ್ಯಾಸ, ಅಷ್ಟೇ. ಹಾಗಾಗಿ ಕೆಲಸ ಅಳೆಯುವುದನ್ನೂ ಮುಂದಾಳುಗಳನ್ನು ಬೆಳೆಸುವುದನ್ನೂ ಎರಡು ಬೇರೆ ಫೈಲಿನಲ್ಲಿ ಇಡಲು ಬರುವುದಿಲ್ಲ. ಏನು ಅಳೆಯುತ್ತೀರೋ ಅಂಥವರೇ ಬೆಳೆಯುತ್ತಾರೆ.

ಇಲ್ಲಿನ ಕ್ರಮ ಐದಾರು ಠಾಣೆಗಳಿರುವ ಒಂದು ಉಪವಿಭಾಗದ ಡಿವೈಎಸ್ಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮಂಡ್ಯ ಜಿಲ್ಲೆಯ ಹಳ್ಳಿ ಠಾಣೆ, ಹೆದ್ದಾರಿ ಠಾಣೆಗಳ ಉದಾಹರಣೆಗಳು ಹೆಚ್ಚು. ಮೈಸೂರು ನಗರದ ಎಸಿಪಿಯೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಬಳಸಬಹುದು. ಹೊಸ ಹುದ್ದೆ, ಹೊಸ ಅನುದಾನ ಯಾವುದೂ ಬೇಡ.

ಮೊದಲ ಎರಡು ವಾರ: ಐದು ಪುಸ್ತಕ, ಒಂದು ಕುರ್ಚಿ

ಪ್ರತಿ ಠಾಣೆಗೂ ಒಂದೊಂದು ಪೂರ್ತಿ ದಿನ ಕೊಡಿ. ಪರಿವೀಕ್ಷಣೆ ಎಂದು ಮೊದಲೇ ಹೇಳಿದರೆ ಸುಣ್ಣ ಬಣ್ಣ ಬಳಿದಿರುತ್ತಾರೆ. ಸುಮ್ಮನೆ ಹೋಗಿ ಕೂರುವುದು ಒಳ್ಳೆಯದು. ಕೊನೆಯ ಮೂರು ತಿಂಗಳ ಠಾಣಾ ದಿನಚರಿ, ಡ್ಯೂಟಿ ಪಟ್ಟಿ, ಅರ್ಜಿ ರಿಜಿಸ್ಟರ್, ರಜೆ ಪುಸ್ತಕ, ಸಮನ್ಸ್–ವಾರಂಟ್ ರಿಜಿಸ್ಟರ್ ತರಿಸಿಕೊಳ್ಳಿ.

ಡ್ಯೂಟಿ ಪಟ್ಟಿಯಿಂದ ಶುರು ಮಾಡಿ, ಠಾಣೆಯ ನಿಜವಾದ ಜಾತಕ ಇರುವುದು ಅಲ್ಲೇ. ಸತತ ನಾಲ್ಕು, ಐದು ರಾತ್ರಿ ಪಾಳಿ ಯಾರ ಹೆಸರಿಗೆ ಬೀಳುತ್ತಿದೆ? ವಾರದ ರಜೆ ಬರೆದ ದಿನವೇ ಅವರನ್ನು ಬಂದೋಬಸ್ತಿಗೂ ಬರೆದಿದೆಯೇ? ಮಹಿಳಾ ಸಿಬ್ಬಂದಿ ರಿಸೆಪ್ಷನ್ ಮತ್ತು ಕಂಪ್ಯೂಟರ್ ಬಿಟ್ಟು ಬೀಟ್‌ಗೆ (ಗಸ್ತಿನ ಪ್ರದೇಶಕ್ಕೆ) ಹೋಗಿದ್ದು ಎಷ್ಟು ಸಲ? ಅರ್ಜಿ ರಿಜಿಸ್ಟರಿನಲ್ಲಿ 15 ದಿನ ದಾಟಿದ ಅರ್ಜಿಗಳನ್ನು ಎಣಿಸಿ, ಹತ್ತನ್ನು ತೆಗೆದು ಪೂರ್ತಿ ಓದಿ. ಓದುವಾಗ ಒಂದೇ ಪ್ರಶ್ನೆ: ಇದು ಸಂಜ್ಞೇಯ ಅಪರಾಧವೇ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ದಸ್ತಗಿರಿ ಮಾಡಬಹುದಾದದ್ದೇ? ಹೌದಾದರೆ ಎಫ್‌ಐಆರ್ ಆಗಲೇಬೇಕಿತ್ತು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಡುವುದು 3 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ. ಅದಕ್ಕೂ ಡಿವೈಎಸ್ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಯಬೇಕು. ಅಂದರೆ ಅರ್ಜಿಯಾಗಿ ಕೊಳೆಯುತ್ತಿರುವ ಪ್ರತಿ ಸಂಜ್ಞೇಯ ದೂರಿಗೂ ನಿಮ್ಮದೇ ಸಹಿ ಇರಬೇಕಿತ್ತು, ಇಲ್ಲವೇ ಅದು ಅಲ್ಲಿರಬಾರದಿತ್ತು.

ಈ ಎರಡು ವಾರದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಯಾರಿಗೂ ಮೆಮೊ ಕೊಡಬೇಡಿ. ಆರಂಭದ ಅಳತೆಗೆ ಶಿಕ್ಷೆ ಸಿಕ್ಕರೆ ಮುಂದಿನ ಅಳತೆ ಯಾವುದೂ ನಿಮಗೆ ನಿಜವಾಗಿ ಸಿಗುವುದಿಲ್ಲ.

ಯಾರನ್ನು ಆರಿಸುವುದು

ನೇರ ನೇಮಕದ ಪಿಎಸ್‌ಐಗಳು ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಂಥ ಕಡೆ ತರಬೇತಿ ಮುಗಿಸಿ ಬರುತ್ತಾರೆ. ಕಾನೂನು, ಪರೇಡು, ಫೈರಿಂಗ್ ಎಲ್ಲ ಆಗಿರುತ್ತದೆ. ಆದರೆ ಠಾಣೆಗೆ ಬಂದ ಮೊದಲ ವಾರವೇ ತಂದೆಯ ವಯಸ್ಸಿನ ಎಎಸ್‌ಐಗೆ ಡ್ಯೂಟಿ ಹಾಕಬೇಕಾಗುತ್ತದೆ. ಅದನ್ನು ಕಲಿಸುವುದು ಠಾಣೆಯೇ. ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್‌ಗಳಿಗಂತೂ ಬಡ್ತಿಯ ತರಬೇತಿ ಬಿಟ್ಟರೆ ಮುಂದಾಳ್ತನದ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸಾಹೇಬರು ವರ್ಗವಾಗಿ ಹೋಗುತ್ತಲೇ ಇರುತ್ತಾರೆ, ಠಾಣೆ ನಡೆಸುವವರು ಇವರೇ. ಆದ್ದರಿಂದ ಆರು ತಿಂಗಳ ಶ್ರಮದಲ್ಲಿ ಮೂರನೇ ಎರಡು ಭಾಗ ಈ ಹಂತಕ್ಕೆ ಹಾಕಿ.

ಠಾಣೆಗೆ ಮೂವರು ಸಾಕು: ಒಬ್ಬ ಪಿಎಸ್‌ಐ, ಇಬ್ಬರು ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೆಬಲ್. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಜ್ಯೇಷ್ಠತೆ ಪಟ್ಟಿ ನೋಡಿ ಆರಿಸಬೇಡಿ. ರೈಟರ್ (ಠಾಣೆಯ ಬರವಣಿಗೆ ನೋಡುವವರು) ಸೂಚಿಸಿದ ಹೆಸರುಗಳನ್ನೂ ಹಾಗೇ ಒಪ್ಪಬೇಡಿ, ಅವರಿಗೆ ಬರವಣಿಗೆ ಬಲ್ಲವರು ಎದ್ದು ಕಾಣುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಎಂಟು ಹತ್ತು ಕಾನ್‌ಸ್ಟೆಬಲ್‌ಗಳನ್ನು ಒಬ್ಬೊಬ್ಬರಾಗಿ ಕೇಳಿ: "ರಾತ್ರಿ ಎರಡು ಗಂಟೆಗೆ ಗಲಾಟೆ ಅಂತ ಕರೆ ಬಂತು, ಸಾಹೇಬ್ರ ಫೋನ್ ಸಿಗ್ತಿಲ್ಲ. ಯಾರಿಗೆ ಫೋನ್ ಮಾಡ್ತೀಯಪ್ಪಾ?" ಎರಡು ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಅವರು ಆಗಲೇ ಮುಂದಾಳುಗಳು, ನೀವು ಮಾಡಬೇಕಾದದ್ದು ಅದಕ್ಕೊಂದು ಚೌಕಟ್ಟು ಹಾಕುವುದು. ಅಂಥ ಹೆಸರಿನ ಮೇಲೆ ದುಡ್ಡಿನ ದೂರು, ಕೈ ಮಾಡಿದ ದೂರು ಇದೆಯೇ ಎಂದು ಪರಿಶೀಲಿಸುವುದನ್ನು ಮರೆಯಬೇಡಿ. ಸಿಬ್ಬಂದಿಗೆ ಪ್ರಿಯರಾದವರೆಲ್ಲ ಸಾರ್ವಜನಿಕರಿಗೂ ಒಳ್ಳೆಯವರಾಗಿರುತ್ತಾರೆ ಎನ್ನಲಾಗದು.

ಕೆಲಸ ಕೊಡುವುದು: ಒಂದು ಹಾಳೆಯ ಆದೇಶ

ಭಾಷಣ ಕೇಳಿ ಯಾರೂ ಮುಂದಾಳಾಗುವುದಿಲ್ಲ. ಒಂದು ನಿಜವಾದ ತೊಂದರೆ, ಅದಕ್ಕೆ ತಕ್ಕ ಅಧಿಕಾರ, ಒಂದು ಗಡುವು ಕೊಡಬೇಕು. ನಾಲೆ ಬಯಲಿನ ಹಳ್ಳಿ ಠಾಣೆಯಲ್ಲಿ ಪಂಪ್‌ಸೆಟ್ ಕೇಬಲ್ ಕಳವನ್ನೇ ತೆಗೆದುಕೊಳ್ಳಿ. ಕಳ್ಳನಿಗೆ ಸಿಗುವುದು ತಾಮ್ರದ ತೂಕದ ದುಡ್ಡು. ರೈತನಿಗೆ ಹೊಸ ಕೇಬಲ್ಲಿನ ಖರ್ಚಿನ ಜೊತೆಗೆ ನಾಲ್ಕೈದು ದಿನ ಬೆಳೆಗೆ ನೀರಿಲ್ಲ. ಠಾಣೆಗೆ ಮಾತ್ರ ಇದು "ಸಣ್ಣ ಕೇಸು". ಇಂಥ ಸಣ್ಣ ಕೇಸೇ ಒಬ್ಬ ಹೆಡ್ ಕಾನ್‌ಸ್ಟೆಬಲ್‌ನ ಕೈ ಪಳಗಿಸಲು ಸರಿಯಾದ ಅಳತೆಯದು.

ಹಾಳೆಯಲ್ಲಿ ಆರು ಸಾಲು ಇರಲಿ:

1. ಕೆಲಸ: ಈ ನಾಲ್ಕು ಬೀಟ್‌ಗಳಲ್ಲಿ ಕೇಬಲ್ ಕಳವು ತಡೆಯುವುದು, ಹಳೆಯ ದೂರುಗಳನ್ನು ಒಂದೇ ಪಟ್ಟಿಗೆ ತರುವುದು.
2. ಜನ: ಇಬ್ಬರು ಬೀಟ್ ಕಾನ್‌ಸ್ಟೆಬಲ್, ಹೆಸರಿನೊಂದಿಗೆ. ವಾರಕ್ಕೆ ಎರಡು ರಾತ್ರಿ ಬೇರೆ ಡ್ಯೂಟಿ ಇಲ್ಲ.
3. ವಾಹನ: ಒಂದು ಬೈಕು, ಪೆಟ್ರೋಲ್ ಯಾವ ಲೆಕ್ಕದಲ್ಲಿ ಎಂಬುದೂ ಬರೆದಿರಲಿ.
4. ತಾನೇ ತೀರ್ಮಾನಿಸಬಹುದಾದದ್ದು: ಗಸ್ತಿನ ಹೊತ್ತು, ದಾರಿ, ಗುಜರಿ ಅಂಗಡಿಗಳ ಭೇಟಿ, ರೈತರ ಸಭೆ.
5. ಕೇಳಿಯೇ ಮಾಡಬೇಕಾದದ್ದು: ಶೋಧ, ಜಪ್ತಿ, ದಸ್ತಗಿರಿ.
6. ವರದಿ: ಪ್ರತಿ ಸೋಮವಾರ ಹತ್ತು ನಿಮಿಷ, ಬಾಯಿಮಾತಿನಲ್ಲಿ. 60ನೇ ದಿನ ಒಂದು ಪುಟ.

ಎಡವುವುದು ಎರಡನೇ ಸಾಲಿನಲ್ಲಿ. ಹೆಸರು ಬರೆದು ಕೊಟ್ಟ ಇಬ್ಬರನ್ನೂ ಮೂರನೇ ದಿನವೇ ಗಣ್ಯರ ಬಂದೋಬಸ್ತಿಗೆ ಎಳೆದುಕೊಂಡರೆ, "ಇದೆಲ್ಲ ಕಾಗದದ ಮೇಲಿನ ಆಟ" ಎಂದು ಇಡೀ ಠಾಣೆಗೆ ಗೊತ್ತಾಗುತ್ತದೆ. ಎಳೆಯಲೇಬೇಕಾದರೆ ನೀವೇ ಫೋನ್ ಮಾಡಿ ಹೇಳಿ, ಗಡುವನ್ನು ಅಷ್ಟು ದಿನ ಮುಂದೂಡಿ.

ಹೆದ್ದಾರಿ ಠಾಣೆಯಾದರೆ ಕೆಲಸ ಬೇರೆ. 2023ರ ಆಗಸ್ಟ್ 1ರಿಂದ ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಅವೆಲ್ಲ ಸರ್ವಿಸ್ ರಸ್ತೆಯಲ್ಲಿ. ಸರ್ವಿಸ್ ರಸ್ತೆಯ ಒಂದು ಕೂಡುರಸ್ತೆಯನ್ನು ಒಬ್ಬ ಎಎಸ್‌ಐಗೆ ವಹಿಸಿ. ಅಪಘಾತದ ಹೊತ್ತು, ದಿಕ್ಕು, ವಾಹನದ ಬಗೆಯನ್ನು ಮೂರು ತಿಂಗಳು ಗುರುತಿಸಿ, ಹೆದ್ದಾರಿ ಎಂಜಿನಿಯರ್ ಜೊತೆ ಸ್ಥಳದಲ್ಲೇ ನಿಂತು ಮಾತಾಡುವ ಜವಾಬ್ದಾರಿ ಅವರದೇ ಇರಲಿ. ಬೇರೆ ಇಲಾಖೆಯವರ ಮುಂದೆ ನಿಂತು ವಾದಿಸಿ ಬಂದ ಎಎಸ್‌ಐ ಠಾಣೆಯಲ್ಲಿ ನಡೆಯುವ ರೀತಿಯೇ ಬದಲಾಗಿರುತ್ತದೆ.

ರೋಲ್‌ಕಾಲ್: ಹದಿನೈದು ನಿಮಿಷ

ಹಾಜರಿ, ಬೈಗುಳ, ಚದುರಿ. ಬಹಳ ಕಡೆ ರೋಲ್‌ಕಾಲ್ ಎಂದರೆ ಇಷ್ಟೇ. ಇದನ್ನು ನಡೆಸುವ ಹೊಣೆಯನ್ನು ಆರಿಸಿದ ಮೂವರಿಗೆ ಸರದಿ ಮೇಲೆ ಕೊಡಿ. ಮೂರು ನಿಮಿಷ ನಿನ್ನೆ ರಾತ್ರಿ ಏನಾಯಿತು. ಐದು ನಿಮಿಷ ಇವತ್ತು ಯಾರು ಎಲ್ಲಿ, ಯಾಕೆ. ಐದು ನಿಮಿಷ ಒಂದೇ ಒಂದು ಕಾನೂನಿನ ಅಂಶ, ಉದಾಹರಣೆಗೆ ಶೋಧ ಮತ್ತು ಜಪ್ತಿಯ ವೇಳೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ವಿಡಿಯೊ ಎಲ್ಲಿಂದ ಶುರುವಾಗಬೇಕು. ಉಳಿದ ಎರಡು ನಿಮಿಷ ಸಿಬ್ಬಂದಿಯ ಪ್ರಶ್ನೆಗೆ. "ಯಾಕೆ" ಎಂಬುದನ್ನು ಬಿಡಬೇಡಿ. "ಬಸ್ ಸ್ಟ್ಯಾಂಡ್ ಪಾಯಿಂಟ್‌ಗೆ ಹೋಗು" ಎಂದಾಗ ಕಾನ್‌ಸ್ಟೆಬಲ್ ಹೋಗಿ ನಿಲ್ಲುತ್ತಾನೆ. "ಸಂಜೆ 5ರಿಂದ 7ರವರೆಗೆ ಕಾಲೇಜು ಮಕ್ಕಳು ಬಸ್ ಹತ್ತುವ ನೂಕುನುಗ್ಗಲಲ್ಲಿ ಮೊಬೈಲ್ ಹೋಗ್ತಿವೆ" ಎಂದರೆ ಎಲ್ಲಿ ನಿಲ್ಲಬೇಕು ಎಂದು ತಾನೇ ನೋಡಿಕೊಳ್ಳುತ್ತಾನೆ.

ಬೈಯುವುದಿದ್ದರೆ ಒಳಗೆ ಕರೆದು ಬೈಯಿರಿ.

ಬಂದೋಬಸ್ತು ಮುಗಿದ ಮೇಲೆ

ನಮ್ಮ ಕಡೆಯ ದೊಡ್ಡ ಪಾಠಶಾಲೆ ಇದೇ. ದಸರೆಯ ಜಂಬೂ ಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಆ ದಾರಿಯ ಒಂದು ತುಣುಕಿನ ಹೊಣೆ ಹೊತ್ತ ಪಿಎಸ್‌ಐ ಕೈಕೆಳಗೆ ಹೊರ ಜಿಲ್ಲೆಗಳಿಂದ ಬಂದ, ಮುಖ ಪರಿಚಯವಿಲ್ಲದ ಜನ. ಮೇಲುಕೋಟೆಯ ವೈರಮುಡಿಯಲ್ಲಿ ಮಂಡ್ಯದ ಖಜಾನೆಯಿಂದ ಹೊರಟ ಕಿರೀಟದ ಭದ್ರತೆ ಒಂದು ಕೆಲಸ, ರಾತ್ರಿ ಬೆಟ್ಟದೂರಿನ ಕಿರಿದಾದ ಬೀದಿಯ ಜನಸಂದಣಿ ಇನ್ನೊಂದು. ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಎರಡರಲ್ಲಿ ಒಂದು ಸೋರುತ್ತದೆ. ಕಾವೇರಿ ಚಳವಳಿಯ ದಿನಗಳಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ನಿಂತವರಿಗಂತೂ ಬೇಕಾದದ್ದು ಇನ್ನೂ ಬೇರೆ ವಿದ್ಯೆ. ಎದುರಿಗಿರುವವರು ನೆಂಟರು, ಪಕ್ಕದೂರಿನವರು. ಲಾಠಿಗಿಂತ ಮುಖಪರಿಚಯ ಕೆಲಸ ಮಾಡುವ ಜಾಗ ಅದು.

ಡ್ಯೂಟಿಗೆ ಮೊದಲು ಪ್ರತಿ ಪಾಯಿಂಟಿನವರ ಕೈಯಲ್ಲಿ ಐದು ಸಾಲಿನ ಚೀಟಿ ಇರಲಿ: ನಿಲ್ಲುವ ಜಾಗ, ಬದಲಿಗೆ ಬರುವವರು ಯಾರು ಎಷ್ಟು ಹೊತ್ತಿಗೆ, ಊಟ–ನೀರು–ಶೌಚಾಲಯ ಎಲ್ಲಿ, ಆಂಬುಲೆನ್ಸ್ ಯಾವ ದಾರಿಯಲ್ಲಿ ಹೋಗುತ್ತದೆ, ಏನಾದರೂ ಆದರೆ ಯಾವ ನಂಬರು. ಮಹಿಳಾ ಸಿಬ್ಬಂದಿಯನ್ನು ಶೌಚಾಲಯವಿಲ್ಲದ ಪಾಯಿಂಟಿನಲ್ಲಿ ಹತ್ತು ಗಂಟೆ ನಿಲ್ಲಿಸಿದ ಅಧಿಕಾರಿಯ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅಂಕ ಸೊನ್ನೆ.

ಮುಗಿದ 48 ಗಂಟೆಯೊಳಗೆ ನಲವತ್ತು ನಿಮಿಷದ ಕೂಟ. ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ ಬಂತು, ಮುಂದಿನ ಸಲ ಏನು ಬದಲಿಸಬೇಕು. ಈ ನಾಲ್ಕೇ ಪ್ರಶ್ನೆ. ಕಿರಿಯ ಕಾನ್‌ಸ್ಟೆಬಲ್ ಮೊದಲು ಮಾತಾಡಬೇಕು, ಸಾಹೇಬರು ಕೊನೆಗೆ. ಕ್ರಮ ತಿರುಗಿದರೆ ಸಾಹೇಬರು ಹೇಳಿದ್ದಕ್ಕೇ ಎಲ್ಲರೂ "ಹೌದು ಸರ್" ಅನ್ನುತ್ತಾರೆ, ಕೂಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆ ಹಾಳೆಯನ್ನು ಮುಂದಿನ ವರ್ಷದ ಬಂದೋಬಸ್ತ್ ಫೈಲಿನ ಮೇಲ್ಪುಟವಾಗಿ ಕಟ್ಟಿಡಿ. ಇಲ್ಲದಿದ್ದರೆ ಬರುವ ವರ್ಷ ಅದೇ ತಿರುವಿನಲ್ಲಿ ಅದೇ ಬ್ಯಾರಿಕೇಡ್ ಬೀಳುತ್ತದೆ.

ಕೇಸ್ ಫೈಲು ಮುಂದಿಟ್ಟು ಕಲಿಸುವುದು

ಪ್ರತಿ ತನಿಖಾಧಿಕಾರಿಯ ಒಂದೊಂದು ಫೈಲನ್ನು 3ನೇ ದಿನ, 15ನೇ ದಿನ, 45ನೇ ದಿನ ಒಟ್ಟಿಗೆ ಕೂತು ನೋಡಿ. ಮೂರನೇ ದಿನ ನೋಡುವುದು ಸ್ಥಳ ಮಹಜರು, ಸಿಸಿಟಿವಿ ಹಾರ್ಡ್‌ಡಿಸ್ಕಿನ ತುಣುಕು ಅಳಿಯುವ ಮುಂಚೆ ಬಂದಿದೆಯೇ, ಕರೆ ವಿವರಕ್ಕೆ ಪತ್ರ ಹೋಗಿದೆಯೇ. 45ನೇ ದಿನ ನೋಡುವುದು ಏನು ಬಾಕಿ, ಯಾರಿಂದ ಬಾಕಿ. ದೋಷಾರೋಪಣ ಪಟ್ಟಿ ಸಲ್ಲಿಸುವ 60 ಅಥವಾ 90 ದಿನದ ಗಡುವು ತಪ್ಪಿದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 59ನೇ ದಿನ ಕಿರುಚಿದರೆ ಊಟವಾದ ಮೇಲೆ ಉಪ್ಪಿನಕಾಯಿ ಬಡಿಸಿದಂತೆ.

ತಿಂಗಳಿಗೊಂದು ಖುಲಾಸೆ ತೀರ್ಪನ್ನೂ ಓದಿಸಿ. ಪಂಚರು (ಮಹಜರಿನ ಸಾಕ್ಷಿಗಳು) ಕೋರ್ಟಿನಲ್ಲಿ ಪ್ರತಿಕೂಲವಾದದ್ದು ಯಾಕೆ? ಎಲ್ಲ ಮಹಜರಿಗೂ ಅದೇ ಇಬ್ಬರು ಪಂಚರೇ? ಜಪ್ತಿ ಮಾಡಿದ ಹೊತ್ತಿಗೂ ದಿನಚರಿಯ ಹೊತ್ತಿಗೂ ತಾಳೆಯಾಗುತ್ತಿಲ್ಲವೇ? ನ್ಯಾಯಾಧೀಶರು ಬರೆದ ಎರಡು ಪ್ಯಾರಾ ಎಷ್ಟೋ ಕಾರ್ಯಾಗಾರಗಳಿಗಿಂತ ಹೆಚ್ಚು ಕಲಿಸುತ್ತವೆ.

ಅಳೆಯಬೇಕಾದ ಎಂಟು

ಒಂದೇ ಹಾಳೆ, ಎಂಟು ಸಾಲು, ತಿಂಗಳಿಗೊಮ್ಮೆ:

1. 112 ತುರ್ತು ಕರೆಗೆ ಸ್ಥಳ ತಲುಪಿದ ಸಮಯ.
2. 15 ದಿನ ದಾಟಿದ ಅರ್ಜಿಗಳು.
3. ದೂರುದಾರರಿಗೆ 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸಿದ ಪ್ರಕರಣಗಳು. ಸಂಹಿತೆಯ 193ನೇ ಕಲಂ ಇದನ್ನು ಕರ್ತವ್ಯವೆಂದೇ ಹೇಳುತ್ತದೆ.
4. ಗಡುವು ತಪ್ಪಿದ ದೋಷಾರೋಪಣ ಪಟ್ಟಿಗಳು.
5. ಕಳವಾದ ಸ್ವತ್ತಿನಲ್ಲಿ ನ್ಯಾಯಾಲಯದ ಮೂಲಕ ಮಾಲೀಕರ ಕೈ ಸೇರಿದ್ದು. ಪತ್ರಿಕಾಗೋಷ್ಠಿಯ ಮೇಜಿನ ಮೇಲಿಟ್ಟದ್ದಲ್ಲ.
6. ಅಪಘಾತದ ಮೊದಲ ವರದಿ 48 ಗಂಟೆಯೊಳಗೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ (ಅಪಘಾತ ಪರಿಹಾರದ ನ್ಯಾಯಮಂಡಳಿಗೆ) ಹೋದ ಪ್ರಕರಣಗಳು.
7. ಸಿಬ್ಬಂದಿಗೆ ನಿಜವಾಗಿ ಸಿಕ್ಕ ವಾರದ ರಜೆ, ಸತತ ರಾತ್ರಿ ಪಾಳಿ.
8. ದೂರುದಾರರಿಗೆ ಮಾಡಿದ ಫೋನಿನ ಫಲಿತ.

ಮೊದಲನೆಯದನ್ನು ಸರಾಸರಿಯಲ್ಲಿ ಬರೆದರೆ ಮೋಸ ಹೋಗುತ್ತೀರಿ. ಒಂಬತ್ತು ಕರೆಗಳಿಗೆ 8, 9, 9, 10, 11, 12, 13, 14, 70 ನಿಮಿಷ ಹಿಡಿಯಿತು ಎಂದುಕೊಳ್ಳಿ. ಸರಾಸರಿ 17 ದಾಟುತ್ತದೆ. ಸಾಲಿನ ನಡುವಿನ ಕರೆ 11 ನಿಮಿಷದ್ದು. ಹಾಳೆಯಲ್ಲಿ 11 ಎಂದು ಬರೆಯಿರಿ, ಆದರೆ ಮೀಟಿಂಗ್‌ನಲ್ಲಿ ಮಾತಾಡುವುದು ಆ 70ರ ಬಗ್ಗೆ. ಗಾಡಿ ಎಸ್ಕಾರ್ಟ್‌ಗೆ ಹೋಗಿತ್ತೇ, ಠಾಣಾ ವ್ಯಾಪ್ತಿಯ ಇನ್ನೊಂದು ತುದಿಯಲ್ಲಿತ್ತೇ, ಡ್ರೈವರ್ ಇರಲಿಲ್ಲವೇ? ಗಡಿಯಾರ ಶುರುವಾಗುವುದು ಕಂಟ್ರೋಲ್ ರೂಮಿಗೆ ಕರೆ ಬಂದಾಗ, ಗಾಡಿ ಹೊರಟಾಗ ಅಲ್ಲ. ದಾರಿಯಲ್ಲೇ "ತಲುಪಿದ್ದೇವೆ" ಎಂದು ಒತ್ತುವ ಅಭ್ಯಾಸವೂ ಉಂಟು. ತಿಂಗಳಿಗೆ ಹತ್ತು ಕರೆಯನ್ನು ಜಿಪಿಎಸ್ ಜಾಡಿನ ಜೊತೆ ತಾಳೆ ನೋಡಿದರೆ ಸಾಕು, ನಿಲ್ಲುತ್ತದೆ.

ಸಣ್ಣ ಅಂಕಿಗೆ ಶೇಕಡಾ ಹಾಕಬೇಡಿ. ಹೋದ ವರ್ಷ ಈ ತಿಂಗಳಲ್ಲಿ 4 ಮನೆಗಳ್ಳತನ, ಈ ವರ್ಷ 6. "ಶೇ 50ರಷ್ಟು ಏರಿಕೆ" ಎಂದು ಮೀಟಿಂಗ್‌ನಲ್ಲಿ ಕೂಗಾಡುವವರಿದ್ದಾರೆ. ತಿಂಗಳ ಸರಾಸರಿ 5 ಇರುವ ಠಾಣೆಯಲ್ಲಿ 1ರಿಂದ 9ರವರೆಗಿನ ಏರಿಳಿತ ತಾನಾಗಿಯೇ ಬರುತ್ತದೆ, ಅದರಲ್ಲಿ ಇನ್‌ಸ್ಪೆಕ್ಟರ್‌ನ ಶೌರ್ಯವೂ ಇಲ್ಲ, ಸೋಮಾರಿತನವೂ ಇಲ್ಲ. ಕನಿಷ್ಠ ಮೂರು ವರ್ಷದ ಅದೇ ತಿಂಗಳನ್ನು ಪಕ್ಕದಲ್ಲಿಟ್ಟು ನೋಡಿ. ಅದೇ ಬಡಾವಣೆ, ಅದೇ ಹೊತ್ತು, ಅದೇ ರೀತಿ ಬೀಗ ಒಡೆದದ್ದು ಮೂರು ಸಲವಾದರೆ ಒಟ್ಟು ಅಂಕಿ ಕಡಿಮೆಯಿದ್ದರೂ ಎದ್ದು ಕೂರಬೇಕು.

ಅಪರಾಧ ಸಂಖ್ಯೆಯನ್ನೇ ಅಂಕವಾಗಿಸಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿದೆ. ಇದಕ್ಕೆ ಅಡ್ಡ ತಾಳೆ ಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಿಂದ ಬಂದ ಮೆಡಿಕೋ ಲೀಗಲ್ ಮಾಹಿತಿಗಳಲ್ಲಿ (ಹೊಡೆದಾಟ, ಅಪಘಾತದ ಗಾಯಾಳುಗಳ ಬಗ್ಗೆ ಆಸ್ಪತ್ರೆ ಪೊಲೀಸರಿಗೆ ಕೊಡುವ ಮಾಹಿತಿ) ನಿಮ್ಮ ಠಾಣೆಗಳದ್ದನ್ನು ಎಫ್‌ಐಆರ್ ಪಟ್ಟಿಯ ಜೊತೆ ಇಟ್ಟು ನೋಡಿ. ಹೊಡೆದಾಟದ ಗಾಯ ಆಸ್ಪತ್ರೆಯಲ್ಲಿ ಇದ್ದು ಠಾಣೆಯಲ್ಲಿ ಇಲ್ಲದಿದ್ದರೆ ರಾಜಿ ಎಲ್ಲಿ, ಯಾರ ಮುಂದೆ ಆಯಿತು ಎಂದು ಕೇಳಬೇಕಾಗುತ್ತದೆ. ಶಿಕ್ಷೆಯಾದ ಪ್ರಕರಣಗಳ ಪ್ರಮಾಣವನ್ನು ಈಗಿನ ಇನ್‌ಸ್ಪೆಕ್ಟರ್‌ನ ಅಂಕಕ್ಕೆ ಸೇರಿಸಬೇಡಿ. ಇವತ್ತಿನ ತೀರ್ಪು ನಾಲ್ಕೈದು ವರ್ಷದ ಹಿಂದೆ ಇನ್ಯಾರೋ ಮಾಡಿದ ತನಿಖೆಯದ್ದಾಗಿರಬಹುದು.

ಫೋನಿನ ಅಳತೆ

ಎಂಟನೆಯದು ಬಹಳ ಅಗ್ಗ, ಬಹಳ ನಿಜ. ತಿಂಗಳಿಗೆ ಠಾಣೆಗೆ 20 ಜನ: ಎಫ್‌ಐಆರ್ ಕೊಟ್ಟವರು 8, ಅರ್ಜಿ ಕೊಟ್ಟವರು 6, 112ಕ್ಕೆ ಕರೆ ಮಾಡಿದವರು 4, ಅಪಘಾತದ ಮನೆಯವರು 2. ಹೆಸರು ಆರಿಸುವುದು ಠಾಣೆಯವರಲ್ಲ. ರಿಜಿಸ್ಟರಿನ ಪ್ರತಿ ಐದನೇ ಹೆಸರು ಎಂಬಂಥ ನಿಯಮ ಇರಲಿ. ಫೋನ್ ಮಾಡುವವರೂ ಠಾಣೆಯವರಲ್ಲ. ಡಿವೈಎಸ್ಪಿ ಕಚೇರಿಯ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಆದರೆ ಒಳ್ಳೆಯದು. ಲೈಂಗಿಕ ದೌರ್ಜನ್ಯ, ಪೋಕ್ಸೊ ಪ್ರಕರಣದವರನ್ನು ಈ ಪಟ್ಟಿಗೆ ಸೇರಿಸಲೇಬಾರದು.

ಭಾಷೆ ಊರಿನದೇ ಇರಲಿ. "ನಮಸ್ಕಾರ ಅಣ್ಣ, ಡಿವೈಎಸ್ಪಿ ಆಫೀಸಿಂದ ಮಾತಾಡ್ತಾ ಇವ್ನಿ. ಕೇಸ್ ವಿಚಾರ ಕೇಳಕ್ಕಲ್ಲ, ಠಾಣೇಲಿ ನಿಮ್ಮನ್ನ ಹೆಂಗ್ ನೋಡ್ಕೊಂಡ್ರು ಅಂತ ಕೇಳಕ್ಕೆ." ಆಮೇಲೆ ನಾಲ್ಕು ಪ್ರಶ್ನೆ. ಎಷ್ಟು ಹೊತ್ತು ಕಾಯಿಸಿದರು? ಎಫ್‌ಐಆರ್ ಪ್ರತಿ ಪುಕ್ಕಟೆ ಕೈಗೆ ಕೊಟ್ಟರೇ? ನಿಮ್ಮ ಕೇಸು ಈಗ ಯಾರ ಹತ್ತಿರ ಇದೆ ಗೊತ್ತೇ? ಮತ್ತೆ ಠಾಣೆಗೆ ಹೋಗಬೇಕಾದರೆ ಒಬ್ಬರೇ ಹೋಗುತ್ತೀರಾ, ಯಾರನ್ನಾದರೂ ಕರೆದುಕೊಂಡು ಹೋಗುತ್ತೀರಾ?

ಕೊನೆಯ ಪ್ರಶ್ನೆಗೆ ತೂಕ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಠಾಣೆಗೆ ಒಬ್ಬರೇ ಹೋಗುವ ರೂಢಿ ಕಡಿಮೆ. ಮುಖಂಡರೊಬ್ಬರು, ಪಂಚಾಯಿತಿ ಸದಸ್ಯರೊಬ್ಬರು ಜೊತೆಗೆ ಬೇಕು. 20ರಲ್ಲಿ 5 ಜನ "ಒಬ್ಬನೇ ಹೋಗ್ತೀನಿ" ಎನ್ನುತ್ತಿದ್ದದ್ದು ಆರು ತಿಂಗಳಲ್ಲಿ 9 ಆದರೆ, ಬಾಗಿಲಲ್ಲಿ ಕೂತ ಸಿಬ್ಬಂದಿಯ ಮಾತು ಬದಲಾಗಿದೆ ಎಂದೇ ಅರ್ಥ. ಒಂದು ತಿಂಗಳಿನ 20 ಹೆಸರು ತೀರ ಕಡಿಮೆ, ಅದನ್ನು ನೋಡಿ ಯಾರನ್ನೂ ಹೊಗಳಬೇಡಿ, ತೆಗಳಬೇಡಿ. ಮೂರು ತಿಂಗಳ 60ನ್ನು ಕೂಡಿಸಿ ಓದಿ. ಹೆಸರು ಹೇಳಿ ದೂರಿದವರ ವಿವರ ಠಾಣೆಗೆ ಹೋಗಕೂಡದು.

ಮೀಟಿಂಗ್ ತಿರುಗಿಸುವುದು

ಎಂಟು ಸಾಲಿನ ಹಾಳೆ ಎರಡು ದಿನ ಮೊದಲೇ ಎಲ್ಲರ ಕೈ ಸೇರಿರಲಿ. ಮೀಟಿಂಗ್‌ನಲ್ಲಿ ಅಂಕಿ ಓದುವುದು ಬೇಡ. ಪ್ರತಿ ಠಾಣೆಗೆ ಎರಡು ಪ್ರಶ್ನೆ: ಈ ತಿಂಗಳು ಯಾವ ಸಾಲು ಹಿಂದೆ ಬಿತ್ತು, ಅದಕ್ಕೆ ಯಾರನ್ನು ಮುಂದೆ ಬಿಟ್ಟಿದ್ದೀರಿ? ಎರಡನೆಯದಕ್ಕೆ ಉತ್ತರಿಸುವುದು ಇನ್‌ಸ್ಪೆಕ್ಟರ್ ಅಲ್ಲ, ಕೆಲಸ ಹೊತ್ತ ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೆಬಲ್. ಅವರನ್ನೇ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ. ಮೊದಲ ಸಲ ಬೆವರುತ್ತಾರೆ, ಇನ್‌ಸ್ಪೆಕ್ಟರ್ ನಡುವೆ ಬಾಯಿ ಹಾಕುತ್ತಾರೆ. "ಅವರು ಮುಗಿಸಲಿ" ಎನ್ನಿ. ಠಾಣೆಗಳಿಗೆ ಒಂದನೇ ಸ್ಥಾನ, ಕೊನೇ ಸ್ಥಾನ ಕೊಡಬೇಡಿ. ಹೆದ್ದಾರಿ ಠಾಣೆಗೂ ಬೆಟ್ಟದೂರಿನ ಠಾಣೆಗೂ ಹೋಲಿಕೆ ಹಾಕಲು ಬರುವುದಿಲ್ಲ. ಪ್ರತಿ ಠಾಣೆಯನ್ನು ಅದರ ಹಿಂದಿನ ತಿಂಗಳುಗಳ ಜೊತೆಗೇ ನೋಡಿ.

ಮೂರು ತಿಂಗಳಿಗೊಮ್ಮೆ ಆ ಮೂವರ ಜೊತೆ ತಲಾ ಇಪ್ಪತ್ತು ನಿಮಿಷ ಬಾಗಿಲು ಹಾಕಿ ಮಾತಾಡಿ. ಚೆನ್ನಾಗಿ ಮಾಡಿದ ಒಂದು ಕೆಲಸ, ದಿನಾಂಕ ಸಮೇತ. ಬದಲಿಸಬೇಕಾದ ಒಂದೇ ಒಂದು ಅಭ್ಯಾಸ. ಇದನ್ನೇ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಬರೆದರೆ "ಉತ್ತಮ, ಶ್ರಮಜೀವಿ" ಎಂಬ ಹಳೆಯ ಸಾಲು ಹಾಕುವ ಪಾಡು ತಪ್ಪುತ್ತದೆ.

ವರ್ಗಾವಣೆ ಬಂದಾಗ

ಬಂದೇ ಬರುತ್ತದೆ, ಹೆಚ್ಚಾಗಿ ಐದನೇ ತಿಂಗಳಲ್ಲಿ. ಅಧಿಕಾರ ಹಸ್ತಾಂತರದ ಪತ್ರದಲ್ಲಿ ಬಂದೂಕು, ಗುಂಡು, ವೈರ್‌ಲೆಸ್ ಸೆಟ್ ಲೆಕ್ಕ ಇರುತ್ತದೆ, ಜನರ ಲೆಕ್ಕ ಇರುವುದಿಲ್ಲ. ಅದರ ಜೊತೆ ಎರಡು ಪುಟ ಸೇರಿಸಿ. ಮೊದಲ ಪುಟದಲ್ಲಿ ಎಂಟು ಸಾಲಿನ ಆರಂಭದ ಅಂಕಿ ಮತ್ತು ಈಗಿನದು. ಎರಡನೆಯದರಲ್ಲಿ ಯಾರ ಕೈಯಲ್ಲಿ ಯಾವ ಕೆಲಸ, ಗಡುವು ಎಂದು, ಯಾರಿಗೆ ಏನು ಮಾತು ಕೊಡಲಾಗಿದೆ: ಇಂಥವರಿಗೆ ಊರ ಹಬ್ಬಕ್ಕೆ ರಜೆ, ಇಂಥವರಿಗೆ ಮುಂದಿನ ಫಿಂಗರ್‌ಪ್ರಿಂಟ್ ತರಬೇತಿ. ಸಾಧ್ಯವಾದರೆ ಹೊಸಬರನ್ನು ಒಂದು ರೋಲ್‌ಕಾಲ್‌ಗೆ ಕರೆದುಕೊಂಡು ಹೋಗಿ ಹಿಂದೆ ನಿಲ್ಲಿ. ಆ ದಿನ ರೋಲ್‌ಕಾಲ್ ನಡೆಸುವ ಸರದಿ ಕೇಬಲ್ ಕಳವಿನ ಹೆಡ್ ಕಾನ್‌ಸ್ಟೆಬಲ್‌ದೇ ಆಗುವಂತೆ ನೋಡಿಕೊಳ್ಳಿ.